ಸರ್‌ನೇಮ್ ಖಾಲಿ ಇದ್ದವರು

೨೦೦೬ರ ಬೇಸಿಗೆಯಲ್ಲಿ ರಂಜನಾ ಪಾಲಿಗೆ ಬಂದದ್ದು ಯಾರಿಗೂ ಬೇಡವಾಗಿದ್ದ ಕೆಲಸ. ಇಂದಿರಾನಗರದಲ್ಲಿದ್ದ ಅವಳ ಕಂಪನಿ ಒಂದು ಕಣ್ಣಾಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತಿತ್ತು. ರೋಗಿಗಳ ಮಾಹಿತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ವರ್ಕ್‌ಫ್ಲೋಗಳೇ ಒಂಬೈನೂರಕ್ಕೂ ಹೆಚ್ಚಿದ್ದವು. ಯಾರ ಮಾಹಿತಿ ಎತ್ತಬೇಕು, ಯಾರದ್ದು ಬಿಡಬೇಕು ಎಂದು ಹೇಳುವ ಕ್ವೆರಿ ಪ್ರತಿಯೊಂದರ ಒಳಗೂ ಅಡಗಿತ್ತು. ಆಸ್ಪತ್ರೆ ಹೊಸ ಡೇಟಾಬೇಸಿಗೆ ಹೋಗುವ ಮೊದಲು ಅವೆಲ್ಲ ಒಂದೇ ಪಟ್ಟಿಯಲ್ಲಿ ಬರಬೇಕಿತ್ತು. ವರ್ಕ್‌ಫ್ಲೋ ತೆರೆಯುವುದು, ಕ್ವೆರಿ ಹುಡುಕಿ ಕಾಪಿ ಮಾಡುವುದು, ಎಕ್ಸೆಲ್‌ಗೆ ಹಾಕುವುದು, ಮುಚ್ಚುವುದು. ಹದಿನೈದು ದಿನಕ್ಕೆ ಇನ್ನೂರ ಎಂಬತ್ತು ಮುಗಿದು, ಬಲಗೈ ಮಣಿಕಟ್ಟು ಊದಿಕೊಂಡಿತು.

ಪಕ್ಕದ ಸೀಟಿನ ನಯಾಜ್ ಅವಳ ಜೊತೆಗೇ ಕೆಲಸಕ್ಕೆ ಸೇರಿದವನು. "ವರ್ಕ್‌ಫ್ಲೋನ ಫೈಲಾಗಿ ಎಕ್ಸ್‌ಪೋರ್ಟ್ ಮಾಡ್ಬಹುದಲ್ಲ, ಸ್ಕ್ರಿಪ್ಟ್ ಬರೆದು ಕ್ವೆರಿ ಎಳ್ಕೋ. ಕೈ ಯಾಕೆ ಸಾಯಿಸ್ತೀಯ?" ಅಂದ.

"ತಲೆ ಓಡ್ತಿಲ್ಲ ಕಣೋ."

ಇಬ್ಬರೂ ಸೇರಿ ಆ ಪುಟ್ಟ ಪ್ರೋಗ್ರಾಂ ಬರೆದರು. ಮೊದಲ ಸಲ ಓಡಿಸಿದಾಗ ಅರ್ಧದಷ್ಟು ಕ್ವೆರಿಗಳು ತುಂಡಾಗಿ ಬಂದವು. ಮೂರನೆಯ ಸಲ, ಒಂಬತ್ತು ನಿಮಿಷದಲ್ಲಿ, ಎಲ್ಲವೂ ಬಂದವು. ರಂಜನಾಗೆ ಖುಷಿಪಡುವಷ್ಟೂ ತ್ರಾಣವಿರಲಿಲ್ಲ. ಸರಿಯಿದೆಯೇ ಎಂದು ಓದುತ್ತಾ ಕೂತಳು.

ಅದರಲ್ಲೊಂದು, ಸಕ್ಕರೆ ಕಾಯಿಲೆಯವರಿಗೆ ಆರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆಗೆ ಬನ್ನಿ ಎಂದು ಪತ್ರ ಕಳಿಸುವ ವರ್ಕ್‌ಫ್ಲೋದ್ದು. ಕೊನೆಯ ಸಾಲು, ಸರ್‌ನೇಮ್ ಖಾಲಿ ಇದ್ದವರನ್ನು ಬಿಡು ಎನ್ನುತ್ತಿತ್ತು. ಪಕ್ಕದಲ್ಲಿ 'ಸದ್ಯಕ್ಕೆ' ಎಂಬ ಟಿಪ್ಪಣಿ, ೨೦೦೨ರ ತಾರೀಖು, ಅವಳದೇ ಹೆಸರು. ನೆನಪಾಯಿತು. ಸರ್‌ನೇಮ್ ಇಲ್ಲದ ಹೆಸರು ಬಂದಾಗಲೆಲ್ಲ ಪತ್ರಗಳ ಪ್ರಿಂಟ್ ನಿಂತುಹೋಗುತ್ತಿತ್ತು. ಆಗಿನ ಟೀಮ್ ಲೀಡ್, "ಸದ್ಯಕ್ಕೆ ಬಿಟ್ಬಿಡಿ, ಆಮೇಲೆ ನೋಡೋಣ" ಅಂದಿದ್ದರು. ಆಮೇಲೆ ಯಾರೂ ನೋಡಿರಲಿಲ್ಲ.

ಬಿಟ್ಟುಹೋದವರನ್ನೇ ತೋರಿಸು ಎಂದು ಆ ಷರತ್ತನ್ನು ತಿರುಗಿಸಿ ಓಡಿಸಿದಳು. ಸರ್‌ನೇಮೇ ಇಲ್ಲದ ಸಾವಿರದ ಮುನ್ನೂರು ಹೆಸರು ಬಂದವು. ಶಿವಾಜಿನಗರದ ಹುಸೇನಮ್ಮ, ಮರ್ಫಿ ಟೌನಿನ ಅಣ್ಣಮ್ಮ. ಬಗ್ಗಿ ನೋಡುತ್ತಿದ್ದ ನಯಾಜ್ ಒಂದು ಹೆಸರಿನ ಮೇಲೆ ಬೆರಳಿಟ್ಟ. ಶರ್ಫುನ್ನೀಸಾ, ಪುಲಿಕೇಶಿನಗರ.

"ನಮ್ಮ ಖಾಲಾ. ಅಮ್ಮನ ಅಕ್ಕ," ಅಂದ. "ಹೋದ ವರ್ಷ ಅವರ ಎಡಗಣ್ಣು ಹೋಯ್ತು. ಚೆಕಪ್‌ಗೆ ಯಾಕೆ ಹೋಗ್ಲಿಲ್ಲ ಅಂತ ಎಲ್ಲರ ಎದುರು ಬೈದಿದ್ದೆ." ಎದ್ದು ಹೊರಗೆ ಹೋದ.

ರಂಜನಾ ನಡೆದದ್ದನ್ನೆಲ್ಲ ಬರೆದು, ಆ ಸಾಲು ತನ್ನದೇ ಎಂಬುದನ್ನೂ ಸೇರಿಸಿ, ಮ್ಯಾನೇಜರ್‌ಗೂ ಆಸ್ಪತ್ರೆಗೂ ಮೇಲ್ ಕಳಿಸಿದಳು.

"ಆ ಲೈನ್ ತೆಗೆದಿದ್ರೆ ಸಾಕಿತ್ತು. ಹಳೇದನ್ನ ಯಾಕ್ರೀ ಕೆದಕಿದ್ರಿ?" ಅಂದರು ಮ್ಯಾನೇಜರ್.

"ಪತ್ರ ಹೋಗ್ಬೇಕು ಸರ್, ಅಷ್ಟೂ ಜನಕ್ಕೆ."

ವಾರದೊಳಗೆ ಪತ್ರಗಳು ಹೋದವು. ರಂಜನಾಳನ್ನು ಆ ಪ್ರಾಜೆಕ್ಟಿನಿಂದ ತೆಗೆದರು.

ಶನಿವಾರ ನಯಾಜ್ ಅವಳನ್ನು ಖಾಲಾ ಮನೆಗೆ ಕರೆದುಕೊಂಡು ಹೋದ. ಶರ್ಫುನ್ನೀಸಾ ಮಂಚದ ಮೇಲೆ ಕೂತು, ರಂಜನಾ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡರು.

"ಚಿಠ್ಠಿ ಕಳಿಸ್ತೀವಿ, ಆವಾಗ ಬನ್ನಿ ಅಂದಿದ್ರು ಬೇಟಿ. ನಾನು ಕಾಯ್ತಾ ಇದ್ದೆ," ಅಂದರು. ಆಮೇಲೆ ನಯಾಜ್ ಕಡೆ ತಿರುಗಿ, "ಕೇಳಿದ್ಯೇನೋ? ನಾನು ಮರ್ತಿರ್ಲಿಲ್ಲ."

ನಯಾಜ್ ಎದ್ದು ಬಂದು ಅವರ ಕಾಲ ಬಳಿ ಕೂತ. "ತಪ್ಪಾಯ್ತು" ಅಂದಳು ರಂಜನಾ. ಶರ್ಫುನ್ನೀಸಾ ಅವಳಿಗೆ ಚಹಾ ತರಿಸಿದರು.

ಸೋಮವಾರ ಮೂವರೂ ಆಟೋದಲ್ಲಿ ಆಸ್ಪತ್ರೆಗೆ ಹೋದರು. ಬಲಗಣ್ಣಿನಲ್ಲೂ ತೊಂದರೆ ಶುರುವಾಗಿದೆ, ಲೇಸರ್ ಮಾಡಿದರೆ ಉಳಿಯುತ್ತದೆ ಎಂದರು ಡಾಕ್ಟರು. ಪರೀಕ್ಷೆ ಮತ್ತು ಲೇಸರ್ ಕೋಣೆಗಳ ಮುಂದಿನ ಬೆಂಚುಗಳು ತುಂಬಿದ್ದವು. ಖಾಲಾ ಸೆರಗಿನ ತುದಿ ಹಿಡಿದು ಕೂತಿದ್ದರು. ಕೆ.ಆರ್. ಪುರಂನಿಂದ ಎರಡು ಬಸ್ ಬದಲಿಸಿ ಬಂದಿದ್ದ ಮುದುಕರೊಬ್ಬರು, ಮಡಚಿದ ಪತ್ರ ಹಿಡಿದು, "ಕಾಗದ ಬಂದವರು ಇಲ್ಲೇ ಕೂರ್ಬೇಕೇನಮ್ಮ?" ಎಂದು ಕೇಳಿದರು.

"ಇಲ್ಲೇ. ಕೂತ್ಕೊಳ್ಳಿ," ಎಂದು ರಂಜನಾ ಎದ್ದು ನಿಂತಳು.