ಸೊಂಟದಿಂದ ಹೊಡೆದ ಗೋಲು

ವರ್ಷಗಟ್ಟಲೆ ದೇಶ ದೇಶ ಸುತ್ತಿ ಸೀಟಿ ಊದಿದವಳಿಗೆ ಒಂದೇ ಒಂದು ಆಸೆ ಹಾಗೇ ಉಳಿದುಬಿಟ್ಟಿತ್ತು: ತಾನೂ ಒಂದು ಗೋಲು ಹೊಡೆಯಬೇಕು. ನಗಬೇಡಿ! ಚಿಕ್ಕಂದಿನಲ್ಲಿ ಅಣ್ಣ ಅವಳನ್ನು ಆಟಕ್ಕೇ ಸೇರಿಸುತ್ತಿರಲಿಲ್ಲ. "ನೀನು ಸೀಟಿ ಊದ್ಕೊಂಡು ಬಿದ್ದಿರು, ಸಾಕು. ನೀನು ಗೋಲು ಹೊಡೆದ ದಿನ ನಾನು ಅರ್ಧ ಮೀಸೆ ಬೋಳಿಸ್ಕೋತೀನಿ" ಅಂದಿದ್ದ. ಆಗ ಅವನಿಗೆ ಮೀಸೆಯೇ ಚಿಗುರಿರಲಿಲ್ಲ, ಬಿಡಿ. ಹಟಕ್ಕೆ ಬಿದ್ದು ಊದಿದ ಸೀಟಿ ಅವಳನ್ನು ಅಂತರರಾಷ್ಟ್ರೀಯ ರೆಫ್ರಿ ಮಾಡಿತು. ಅಣ್ಣನ ಮೀಸೆಯೂ ಪೊಗದಸ್ತಾಗಿ ಬೆಳೆಯಿತು.

ಇವತ್ತು ಅವಳ ಕೊನೆಯ ಪಂದ್ಯ. ಅಣ್ಣ, ಅತ್ತಿಗೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಎರಡೂ ಕಡೆ ಸೊನ್ನೆ, ಇನ್ನೇನು ಆಟ ಮುಗಿಯುವ ಹೊತ್ತು. ಕೆಂಪಂಗಿಯ ಕ್ಯಾಪ್ಟನ್ ಜಾಡಿಸಿ ಒದ್ದ ಚೆಂಡು ಗುರಿತಪ್ಪಿ ಎಲ್ಲೋ ಹೊರಟಿತ್ತು; ಓಡಿಬರುತ್ತಿದ್ದ ಅವಳ ಸೊಂಟಕ್ಕೆ ಫಟ್ಟಂತ ಬಡಿದು, ಗೋಲ್‌ಕೀಪರ್‌ನ ಕಾಲಸಂದಿಯಲ್ಲಿ ನುಸುಳಿ ಬಲೆಗೆ ಬಿತ್ತು!

ಅಯ್ಯೋ ದೇವರೇ! ಇಡೀ ಮೈದಾನ ಎದ್ದು ಕುಣಿಯಿತು. ಅವಳಿಗೆ ಸೊಂಟದ ನೋವೂ ತಿಳಿಯಲಿಲ್ಲ. ಹೊಡೆದೆ! ಹೊಡೆದೇಬಿಟ್ಟೆ! ಕಿವಿಯಲ್ಲಿದ್ದ ಇಯರ್‌ಫೋನಿನಲ್ಲಿ ಬಾವುಟ ಹಿಡಿದ ಸಹಾಯಕ ಬಿದ್ದು ಬಿದ್ದು ನಗುತ್ತಿದ್ದ: "ಅಕ್ಕಾ, ಏನ್ ಹೊಡೆತ ಅಕ್ಕಾ!"

ಆದರೆ ರೆಫ್ರಿಗೆ ತಗುಲಿ ಒಳಹೋದ ಚೆಂಡು ಗೋಲಲ್ಲ. ಹೊಸಬರಿಗೆ ಆ ನಿಯಮ ಪಾಠ ಹೇಳಿದವಳೂ ಅವಳೇ. ಹಾಳಾದ ನಿಯಮ! ಸೀಟಿ ತುಟಿಗಿಟ್ಟರೆ ನಗು ಉಕ್ಕಿ ಬಂದು ಊದಲಿಕ್ಕೇ ಆಗಲಿಲ್ಲ. ಎರಡನೇ ಸಲ ಊದಿದಳು. ಗೋಲು ರದ್ದು.

"ಮೇಡಂ, ಕೈ ಮುಗೀತೀನಿ, ನಿಮ್ಮದೇ ಗೋಲಲ್ವಾ!" ಎಂದು ಕ್ಯಾಪ್ಟನ್ ಗೋಗರೆದ.

"ಅದಕ್ಕೇ ಕಣಪ್ಪಾ ಕೊಡಕ್ಕಾಗಲ್ಲ" ಎಂದು ಅವಳು ಚೆಂಡನ್ನು ಗೋಲ್‌ಕೀಪರ್‌ನ ಮುಂದೆ ಕೆಡವಿದಳು. ಪಂದ್ಯ ಸೊನ್ನೆ ಸೊನ್ನೆಯಲ್ಲೇ ಮುಗಿಯಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೂಟಿನ ಲೇಸು ಬಿಚ್ಚುತ್ತಿದ್ದಾಗ ಯಾರೋ ಬಾಗಿಲು ಬಡಿದರು. ತೆರೆದರೆ ಅಣ್ಣ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ. ಹಿಂದೆ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕರವಸ್ತ್ರ ಸರಿಸಿದ, ಬಲಗಡೆಯ ಮೀಸೆಯೇ ಇಲ್ಲ! ಆ ಕ್ಯಾಪ್ಟನ್‌ನ ಹತ್ತಿರವೇ ರೇಜರ್ ಕೇಳಿ ಇಸಕೊಂಡು ಬೋಳಿಸಿಕೊಂಡಿದ್ದನಂತೆ.

"ಥೂ, ಏನೋ ಅಣ್ಣಾ ಇದು! ನಾನೇ ರದ್ದು ಮಾಡಿದೆನಲ್ಲೋ!"

"ರದ್ದು ಮಾಡಿದ್ದು ರೆಫ್ರಿ" ಎಂದ ಅಣ್ಣ. "ಹೊಡೆದಿದ್ದು ನನ್ನ ತಂಗಿ."

ಅವಳು ಅಳುತ್ತ ನಗುತ್ತ, ಉಳಿದ ಅರ್ಧ ಮೀಸೆಯನ್ನು ಹಿಡಿದು ಎಳೆದೇಬಿಟ್ಟಳು.