ಎಲ್ಲರಿಗೂ ಉಡಿ

ಅನುಸೂಯಾಬಾಯಿ ಬರಲು ಒಪ್ಪಿದ್ದೇ ನಂದಕುಮಾರನ ಮಾತಿನ ಮೇಲೆ. ಬೀದರಿನ ಸಂಜೆ ಕಾಲೇಜಿನಲ್ಲಿ ಇಬ್ಬರೂ ಒಂದೇ ತರಗತಿ. ಆಕೆ ಗಂಡ ತೀರಿಕೊಂಡ ಮೇಲೆ ಓದಲು ಬಂದವಳು, ಈತ ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ದುಡಿದು ಬರುತ್ತಿದ್ದವನು. ಈಗ ಅವನು ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ. ಸಮಾನತೆಗಾಗಿ ದುಡಿದ ಒಬ್ಬರನ್ನು ಸನ್ಮಾನಿಸೋಣ ಎಂದು ಸಂಘ ನಿರ್ಧರಿಸಿದಾಗ ಅವನು ಆಕೆಯ ಹೆಸರು ಹೇಳಿದ. ವಿಧವೆಯರನ್ನು ಮದುವೆ, ಬಸುರಿಯರ ಕುಬಸಗಳ ಮುಂದಿನ ಸಾಲಿಗೆ ಕರೆತಂದು ಊರವರಿಂದ ಬೈಸಿಕೊಂಡವಳು ಆಕೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಔರಾದಕ್ಕೆ ಹೋಗಿ ಕರೆದಾಗ ಆಕೆ ಕೇಳಿದ್ದು ಒಂದೇ ಮಾತು.

"ತಮ್ಮಾ, ನಿಮ್ಮ ಫಂಕ್ಷನ್‌ದಾಗ ಹೆಣ್ಮಕ್ಕಳಿಗಿ ಉಡಿ ತುಂಬ್ತೀರಿ ಅಲ್ಲೇನು?"

"ಪ್ರತಿ ವರ್ಷ ತುಂಬ್ತೇವ್ರಿ ಅಕ್ಕಾ."

"ನನ್ನ ಜೋಡಿ ಭಾಲ್ಕಿ, ಔರಾದದ ಹೆಣ್ಮಕ್ಕಳು ಬರ್ತಾರ. ಎಲ್ಲಾರೂ ನನ್ನಂಗ ಗಂಡ ಇಲ್ಲದವ್ರು. ಅವ್ರಿಗೂ ತುಂಬ್ತೀರಂದ್ರ ಬರ್ತೇನಿ. ನನಗೊಬ್ಬಾಕಿಗೇ ಅಂದ್ರ, ನಿಮ್ಮ ಶಾಲು ನೀವೇ ಹೊಚ್ಕೋರಿ."

"ಎಲ್ಲಾರಿಗೂ ತುಂಬಸ್ತೇನ್ರಿ. ನನ್ನ ಜಿಮ್ಮಾ."

ಉಡಿ ತುಂಬುವ ಮುಂದಾಳು ಸಂಘದ ಉಪಾಧ್ಯಕ್ಷೆ ಶಶಿಕಲಾ. ಬರುವ ವಿಧವೆಯರಿಗೂ ಉಡಿ ತುಂಬಬೇಕೆಂದು ಅವನು ಹೇಳಿದಾಗ "ಆತು ಬಿಡಪಾ, ಯಾರಿಗೂ ಕಡಿಮಿ ಮಾಡಲ್ಲ" ಎಂದಳು. ಅವನಿಗೆ ಸಮಾಧಾನವಾಗದೆ ಮತ್ತೆ ಕೇಳಿದ. "ನಿನ್ನ ಹೇಂತಿ ನಿನ್ನ ಜೋಡಿ ಹ್ಯಾಂಗ ಬಾಳೇ ಮಾಡ್ತಾಳೋ!" ಎಂದು ಆಕೆ ನಕ್ಕಳು. ನಾಚಿಕೆಯಾಗಿ ಅವನು ಅಲ್ಲಿಗೇ ಬಿಟ್ಟ.

ಕಾರ್ಯಕ್ರಮದ ದಿನ ಮೈಕು ಅವನ ಕೈಯಲ್ಲಿತ್ತು. ಶಶಿಕಲಾ ವೇದಿಕೆಯ ಮೇಲೆ ಅನುಸೂಯಾಬಾಯಿಗೆ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕಾಯಿ ಸುರಿದಳು. ಫೋಟೋದವನು ಇನ್ನೊಮ್ಮೆ ಸುರಿಯಲು ಹೇಳಿದ. ಇನ್ನೊಮ್ಮೆ ಸುರಿದಳು.

ತಟ್ಟೆ ಕೆಳಗಿಳಿಯಿತು. ಮುಂದಿನ ಸಾಲಿನ ಮುತ್ತೈದೆಯರದು ಮುಗಿಯಿತು. ಹಿಂದಿನ ಸಾಲಿನಲ್ಲಿ ಭಾಲ್ಕಿಯ ಈರಮ್ಮ ಕುಂಕುಮಕ್ಕೆಂದು ಹಣೆ ಒರೆಸಿಕೊಂಡು, ಎರಡೂ ಕೈಯಲ್ಲಿ ಸೆರಗು ಒಡ್ಡಿ ಕೂತಿದ್ದಳು. ಅವಳನ್ನು ನೋಡಿ ಉಳಿದವರೂ ಒಡ್ಡಿದರು. ಶಶಿಕಲಾ ತಟ್ಟೆಯನ್ನು ಪಕ್ಕಕ್ಕಿಟ್ಟು, ಮೊದಲೇ ಕಟ್ಟಿಸಿಟ್ಟಿದ್ದ ಕ್ಯಾರಿಬ್ಯಾಗೊಂದನ್ನು ಆ ಸೆರಗಿನ ಮೇಲಿಟ್ಟಳು.

"ಇದರಾಗ ಎಲ್ಲಾ ಅದರಿ. ಖಣ, ಕಾಯಿ, ಬಾಳಿಹಣ್ಣ. ಒಯ್ಯಲಾಕ ಸಲೀಸ."

ಉಳಿದವರಿಗೂ ಒಂದೊಂದು ಬ್ಯಾಗು ಕೊಟ್ಟು ನಂದಕುಮಾರನ ಕಡೆ ತಿರುಗಿ, ನೀ ಹೇಳಿದಂಗೇ ಮಾಡೀನಿ ನೋಡು ಎನ್ನುವಂತೆ ತಲೆಯಾಡಿಸಿದಳು. ಅವಳ ಮುಖದಲ್ಲಿ ಕಪಟವೇ ಇರಲಿಲ್ಲ.

ಮೈಕಿನಲ್ಲಿ ಹೇಳಬಹುದಿತ್ತು. ಏನೆಂದು? ಇವರು ಗಂಡ ಸತ್ತವರು, ಇವರಿಗೂ ಕುಂಕುಮ ಹಚ್ಚಿ ಎಂದು ಸಭೆಗೆಲ್ಲ ಕೇಳುವಂತೆ ಕೂಗುವುದೆ? ಕೂಗದಿದ್ದರೆ ಕೊಟ್ಟ ಮಾತು? ಅವನು ಇನ್ನೂ ಯೋಚಿಸುತ್ತಿರುವಾಗಲೇ ಅವನ ಬಾಯಿ "ಈಗ ವಂದನಾರ್ಪಣೆ" ಎಂದುಬಿಟ್ಟಿತು.

ಅನುಸೂಯಾಬಾಯಿ ತುಂಬಿದ ಉಡಿ ಹಿಡಿದುಕೊಂಡೇ ಕೆಳಗಿಳಿದಳು. "ಸೆರಗ ಹಿಡಿಯವ್ವಾ, ನಂದ್ರಾಗಿಂದು ಹಾಕ್ತೇನಿ" ಎಂದು ಈರಮ್ಮನ ಮುಂದೆ ಬಾಗಿದಳು. ಈರಮ್ಮ ಆಗಲೇ ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಹೊದ್ದುಕೊಂಡಿದ್ದಳು.

"ಬ್ಯಾಡ್ರಿ ಅಕ್ಕಾ. ಮಂದಿ ನೋಡ್ಲಿಕತ್ತಾರ."

ನಂದಕುಮಾರ ಓಡಿಬಂದ. "ಅಕ್ಕಾ, ನಾ ಹೇಳಿದ್ದೆರಿ... ಖರೇನ ಹೇಳಿದ್ದೆ..."

"ಹೇಳಿರ್ತಿ ಬಿಡು."

ಆಕೆ ಬೈಯಲಿಲ್ಲ. ಬೈದಿದ್ದರೆ ತಲೆತಗ್ಗಿಸಿ ನಿಲ್ಲುವ ಕೆಲಸವಾದರೂ ಅವನಿಗೆ ಸಿಗುತ್ತಿತ್ತು. ಹೆಂಗಸರು ಬ್ಯಾಗುಗಳನ್ನು ಕುರ್ಚಿಯ ಮೇಲೇ ಬಿಟ್ಟು ಒಬ್ಬೊಬ್ಬರಾಗಿ ಬಾಗಿಲ ಕಡೆ ನಡೆದರು. ಆಕೆ ಮಾತ್ರ ಕೂರಲೂ ಆಗದೆ, ನೆಲಕ್ಕೆ ಸುರಿಯಲೂ ಆಗದೆ, ಭಾರದ ಸೆರಗು ಹಿಡಿದು ನಿಂತಿದ್ದಳು.

"ಇದನ್ನ ಈಗ ಎಲ್ಲಿ ಹಾಕ್ಲಿ, ನೀನೇ ಹೇಳು ತಮ್ಮಾ."

ಅವನು ಸುತ್ತ ನೋಡಿದ. ಹಿಂದಿನ ಸಾಲಿನ ಕುರ್ಚಿಗಳ ಮೇಲೆ ಬ್ಯಾಗುಗಳು ಹಾಗೇ ಇದ್ದವು.