ಹೊಸ ವರ್ಷಕ್ಕೆ ಮೊದಲು ತೀರಿಸಿದ ಸಾಲ

ಪಕ್ಕದ ಕುರ್ಚಿಯವನು ಮತ್ತೆ ಗಂಟಲು ಕೆರೆದು ಕಫವನ್ನು ಕರವಸ್ತ್ರಕ್ಕೆ ಉಗುಳಿ, ಮಡಚಿ, ಜೇಬಿಗೆ ಇಟ್ಟುಕೊಂಡ, ಥೂ, ಇವನ ಮಗ್ಗುಲಲ್ಲೇ ಇನ್ನೂ ಎಷ್ಟು ಹೊತ್ತೋ, ಈ ದಿವಾಳಿ ಕಚೇರಿಗೆ ಬಂದವರ ಮೈಗೆಲ್ಲ ಒಂದೇ ವಾಸನೆ, ಬೆವರು, ಮುಲಾಮು, ನಿದ್ದೆಗೆಟ್ಟ ಬಾಯಿ, ನನ್ನದೂ ಸೇರಿ — ಪಿನಾಂಗಿನ ಮಾರುಕಟ್ಟೆ ಬದಿಯಲ್ಲಿ ಇಪ್ಪತ್ತು ವರ್ಷ ನೂಡಲ್ಸ್ ಬೇಯಿಸಿ ಮಾರಿದವಳು, ಯಾರದ್ದೂ ಒಂದು ಸೆನ್ ಕಾಸು ತಿಂದವಳಲ್ಲ, ತಿಂದವನು ತಮ್ಮ ಕೊಕ್ ಹಿನ್, ಅವನ ಟೈರ್ ಅಂಗಡಿಯ ಸಾಲಕ್ಕೆ ಜಾಮೀನು ನಿಂತವಳು ನಾನು, ಒಂದು ಸಹಿ ಅಷ್ಟೇ ಅಕ್ಕಾ, ನಿನ್ನ ಕೈ ಏನ್ ಸವೆಯುತ್ತಾ ಎಂದಿದ್ದ, ಈಗ ಪರ್ತ್‌ನಲ್ಲಿ ಕೂತು ಸಿಗಡಿ ತಿನ್ನುವ ಫೋಟೊ ಹಾಕುತ್ತಾನೆ, ತುಟಿಯ ಮೇಲೆ ಬೆಣ್ಣೆ ಮಿನುಗುತ್ತದೆ, ಅದನ್ನೇ ದಿನಾ ನೋಡುತ್ತೇನೆ, ಅದಕ್ಕೆ ನನ್ನ ಮೇಲೇ ಹೇಸಿಗೆ.

ಅರ್ಜಿ ಕೊಡುವ ಮೊದಲು ತಿಳಿಯಬೇಕಾದ್ದನ್ನೆಲ್ಲ ತಿಳಿದುಕೊಂಡೇ ಬಂದೆ ಎಂದುಕೊಂಡಿದ್ದೆ, ಪಾಸ್‌ಪೋರ್ಟ್ ಹೋಗುತ್ತದೆ, ಹೋಗಲಿ, ನಾನೆಲ್ಲಿಗೆ ಹಾರಬೇಕು, ತಿಂಗಳ ದುಡಿಮೆಯಲ್ಲಿ ಪಾಲು ಕಟ್ಟಬೇಕು, ಕಟ್ಟೋಣ, ಸ್ಕೂಟರನ್ನು ನಾದಿನಿಯ ಹೆಸರಿಗೆ ಮಾಡಬಾರದು, ಮಾಡಲಿಲ್ಲ, ಎದುರು ಅಂಗಡಿಯವಳು ಮಾಡಿಬಿಡೇ ದಡ್ಡಿ ಎಂದು ಪೀಡಿಸಿದರೂ ಮಾಡಲಿಲ್ಲ — ಆಮೇಲೆ ಹನ್ನೊಂದನೆಯ ಕಲಂ, ಕಳೆದ ಆರು ತಿಂಗಳಲ್ಲಿ ಸಾಲ ಕೊಟ್ಟವರಲ್ಲಿ ಯಾರಿಗಾದರೂ ಹಣ ತೀರಿಸಿದ್ದೀರಾ, ಹೆಸರು, ವಿಳಾಸ. ಬೆಳಿಗ್ಗೆ ಮೇಜಿನ ಮುಂದೆ ಕೂತು ಹೆಮ್ಮೆಯಿಂದಲೇ ಹೇಳಿದೆ, ಜನವರಿ ಕೊನೆಗೆ, ನಮ್ಮ ಚೀನೀ ಹೊಸ ವರ್ಷದ ಹಿಂದಿನ ಸಂಜೆ, ಮಾವನ ಹೆಂಡತಿ ಗುವಾಟ್ ಸಿಮ್ ಅತ್ತೆಗೆ, ಹನ್ನೆರಡು ಸಾವಿರ ರಿಂಗಿಟ್ ಕೈಸಾಲ, ಮದುವೆಯ ಬಳೆ ಮಾರಿ ಕೊಟ್ಟೆ, ಸಾಲ ಹೊತ್ತುಕೊಂಡು ವರ್ಷ ದಾಟಬಾರದಲ್ಲ ಮೇಡಂ. ಅರ್ಜಿ ತಗೊಳ್ಳುವ ಅಧಿಕಾರಿ ರೋಹಾಯು ಮೇಡಂ ಪೆನ್ನು ಕೆಳಗಿಟ್ಟರು, ಅದನ್ನೇ ಮಾಡಬಾರದಿತ್ತು ಅಕ್ಕಾ, ಬ್ಯಾಂಕಿಗೆ ಕೊಡದೆ ನಿಮ್ಮೋರಿಗೆ ಮಾತ್ರ ಕೊಟ್ಟಂಗಾಯ್ತು, ಇದನ್ನ ಬರೆದ್ರೆ ನಾವು ಆ ದುಡ್ಡನ್ನ ಅವರ ಹತ್ರ ವಾಪಸ್ ಕೇಳ್ತೀವಿ.

ವಾಪಸ್ ಕೇಳುತ್ತಾರೆ, ಎಪ್ಪತ್ತೆಂಟರ ಮುದುಕಿಯನ್ನು — ಅತ್ತೆ ಬೇಡ ಎಂದಿದ್ದಳು, ಇಟ್ಕೋ ಮಗಳೇ, ನಿನ್ನ ತಾಪತ್ರಯವೇ ನಿನಗಿದೆ, ನನಗೇನು ಅವಸರ, ನಾನೇ ಕೇಳಲಿಲ್ಲ, ಕೈ ಹಿಡಿದು ತುರುಕಿದೆ, ಮರ್ಯಾದೆಯಂತೆ, ಯಾರ ಮರ್ಯಾದೆ, ಹೊಸ ವರ್ಷಕ್ಕೆ ನನ್ನ ಮೈಗೆ ಸಾಲದ ಮೈಲಿಗೆ ಅಂಟದಿರಲಿ ಎಂದು ಅವಳ ಮೈಗೆ ಒರೆಸಿಬಂದೆ. ಅತ್ತೆ ಅದರಿಂದಲೇ ಹತ್ತರ ನೋಟು ಎಳೆದು ಹಬ್ಬದ ಉಡುಗೊರೆಯ ಕೆಂಪು ಲಕೋಟೆಯಲ್ಲಿಟ್ಟು ಕೊಟ್ಟಳು, ಬರಿಗೈಲಿ ಏಳಬಾರದು ಕಣೇ, ಆಮೇಲೆ ಉಂಡೆವು, ಹಬೆಯಲ್ಲಿ ಬೇಯಿಸಿದ ಮೀನನ್ನು ಅರ್ಧ ಉಳಿಸಿದೆವು, ವರ್ಷವಿಡೀ ಮಿಗಲಿ ಎಂದು ಉಳಿಸಲೇಬೇಕು, ತಟ್ಟೆಯಲ್ಲಿ ಅದರ ಕಣ್ಣು ಬೆಂದು ಬೆಳ್ಳಗೆ ಗುಂಡಗೆ ಉಬ್ಬಿತ್ತು, ತಲೆ ಎತ್ತಿದರೆ ಅತ್ತೆಯ ಕಣ್ಣೂ ಅದೇ ಬಿಳಿ, ಪೊರೆ ಕಟ್ಟಿದ ಎರಡೂ ಕಣ್ಣು. ಆ ದುಡ್ಡಿನಲ್ಲೇ ಮಾರ್ಚಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದಳು, ಬರುವ ಗುರುವಾರ ಎಡಗಣ್ಣು, ಆಸ್ಪತ್ರೆಗೆ ಮುಂಗಡ ಕಟ್ಟಿಯಾಗಿದೆ, ನೋಟಿಸು ಬಂದರೆ ಆಪರೇಷನ್ ಬೇಡವೆಂದು ಮುಂಗಡ ಬಿಡಿಸಿಕೊಂಡು, ಉಳಿದದ್ದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಾನೇ ತಂದುಕೊಡುವ ಹೆಂಗಸು ಅವಳು, ತಗೊಂಡಿದ್ದು ನನ್ನದೇ ತಪ್ಪು ಎಂದು ಈ ಮೇಜಿಗೆ ಕೈಮುಗಿಯುತ್ತಾಳೆ.

ಬರೆಯದೆ ಬಿಟ್ಟರೆ ಎಂದು ಕೇಳಿದೆನಲ್ಲ, ಮೇಡಂ ದನಿ ತಗ್ಗಿಸಿದರು, ಪ್ರಮಾಣ ಮಾಡಿ ಸುಳ್ಳು ಬರೆದ್ರೆ ಜೈಲು ಅಕ್ಕಾ, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡುತ್ತ, ಅರ್ಜಿ ಇವತ್ತೇ ಕೊಡ್ಬೇಕು ಅಂತ ಯಾರೂ ಹೇಳಿಲ್ಲ, ಆರು ತಿಂಗಳು ಅಂದ್ರೆ ಆರೇ ತಿಂಗಳು, ಅದಕ್ಕಿಂತ ಹಳೇದನ್ನ ಈ ಕಲಂ ಕೇಳಲ್ಲ, ಅಷ್ಟರಲ್ಲಿ ಬ್ಯಾಂಕಿನವರೇ ಕೋರ್ಟಿಗೆ ಹೋದ್ರೆ ನನ್ನ ಕೈಲಿಲ್ಲ, ಯೋಚಿಸಿ ಬನ್ನಿ ಎಂದು ಈ ಕುರ್ಚಿಗೆ ಕಳಿಸಿದರು. ಈಗ ಏಪ್ರಿಲ್, ಜುಲೈ ಕೊನೆಯವರೆಗೆ ಇನ್ನೂ ಮೂರು ತಿಂಗಳು ಬಡ್ಡಿ, ದಿನಾ ಫೋನು ಮಾಡುವ ಬ್ಯಾಂಕಿನ ವಸೂಲಿಯವನ ಆ ಬೆಲ್ಲದ ದನಿ, ಆಂಟಿ ತಿಂಡಿ ಆಯ್ತಾ, ನಿಮ್ಮ ಗಿರಾಕಿಗಳಿಗೆ ಗೊತ್ತಾ ಆಂಟಿ, ಅವನ ಉಸಿರು ಕಿವಿಯೊಳಗೇ ಒದ್ದೆ ಬಿಟ್ಟಂತೆ, ಒಂದು ಹೆಸರು ಬರೆದು ಅರ್ಜಿ ಕೊಟ್ಟರೆ ಇವತ್ತಿಗೇ ಅದೆಲ್ಲ ಮುಗಿಯುತ್ತದೆ, ಬರೆಯೋಣ ಎಂದೇ ಮೊದಲು ಅನ್ನಿಸಿದ್ದು, ಕಫದವನಿಗಿಂತ ನಾನೇನು ಚೊಕ್ಕಟ — ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿದೆ, ವಸೂಲಿಯವನೇ, ಎದ್ದು ಹೊರಗೆ ಬಂದೆ, ಹನ್ನೊಂದನೆಯ ಕಲಂ ಖಾಲಿ, ಅರ್ಜಿ ನನ್ನ ಕೈಯಲ್ಲೇ, ತಿಂಡಿ ಆಯ್ತಪ್ಪಾ, ನಾಳೆನೂ ಮಾಡು, ನಾಳಿದ್ದೂ ಮಾಡು, ಎಲ್ಲ ಕೇಳಿಸಿಕೊಳ್ತೀನಿ, ಗುರುವಾರ ದಾಟಲಿ, ಜುಲೈ ದಾಟಲಿ, ಅವನು ಏನೋ ಬೊಗಳುತ್ತಿದ್ದಾನೆ, ಕೇಳುತ್ತಿಲ್ಲ, ತಟ್ಟೆಯಲ್ಲಿ ಉಳಿದ ಮೀನು, ಅತ್ತೆಯ ಎಡಗಣ್ಣು, ಬೆಂದ ಬಿಳಿ, ಆ ಕಣ್ಣು —